ಹತ್ತೂವರೆಯ ಸಮೀಕ್ಷೆ

'ಸಮುದಾಯದ ಸಹಭಾಗಿತ್ವ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಂಡವಳು ನಾನು, ಬೈಯುವ ಹಕ್ಕೂ ನನಗೇ ಜಾಸ್ತಿ. ನಗರ ಯೋಜನೆಯ ಮೇಷ್ಟ್ರುಗಳಲ್ಲಿ ನಾನು ಕಂಡ ಬಹುಪಾಲು ಜನ ಮಾರ್ಕೆಟ್ ಎಲ್ಲಿರಬೇಕು, ತರಕಾರಿ ಊರೊಳಕ್ಕೆ ಹೇಗೆ ಬರಬೇಕು ಎಂದು ಗಂಟೆಗಟ್ಟಲೆ ಹೇಳಬಲ್ಲರು. ದಂಟಿನ ಸೊಪ್ಪು ಯಾವುದು, ಕೀರೆ ಯಾವುದು ಎಂದರೆ ಹೆಂಡತಿಗೆ ಫೋನು ಮಾಡುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಈ ಜನ ಆ ಬದನೆಕಾಯಿಯನ್ನೂ ಕೈಯಾರೆ ಆರಿಸಿ ತಂದವರಲ್ಲ.

ನಾನು ಹಾಗಲ್ಲ ಎಂಬ ಜಂಬ ನನಗಿತ್ತು. ಚಂದ್ರಾ ಲೇಔಟಿನ ನಮ್ಮ ಬಾಡಿಗೆ ಮನೆಯಿಂದ ಎರಡು ತಿರುವು ದಾಟಿದರೆ ರಸ್ತೆ ಬದಿಯ ತರಕಾರಿ ವ್ಯಾಪಾರ. ದಿನಾ ಬೆಳಗ್ಗೆ ಆರೂವರೆಗೆ ಚೀಲ ಹಿಡಿದು ಹೋಗುತ್ತಿದ್ದೆ. ಅಲ್ಲಿ ಟ್ರಾನ್ಸ್‌ಫಾರ್ಮರಿನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಸೊಪ್ಪು ಹಾಕಿಕೊಂಡು ಕೂರುತ್ತಿದ್ದಳು. ಊರು ಸುಂಕದಕಟ್ಟೆಯಿಂದ ಎಷ್ಟೋ ಆಚೆ, ಮೊದಲ ಬಸ್ಸಿಗೆ ಗಂಟು ಹೇರಿಕೊಂಡು ಬರುವಳು. ನಾವೆಲ್ಲ ಸೊಪ್ಪಿನಮ್ಮ ಅನ್ನುತ್ತಿದ್ದೆವು. ಆರು ವರ್ಷ ಅವಳ ಹತ್ತಿರವೇ ಕೊಂಡಿದ್ದೇನೆ. ನನಗೆ ಮಗುವಾದಾಗ ಮನೆ ಹುಡುಕಿಕೊಂಡು ಬಂದು ಸಬ್ಬಸಿಗೆ ಕೊಟ್ಟು, "ಬಾಣಂತಿ ಇದ್ನ ತಿನ್ನಬೇಕು ಕಣವ್ವ, ಹಾಲು ಚೆನ್ನಾಗಾಯ್ತದೆ" ಅಂದಿದ್ದಳು.

ಆ ರಸ್ತೆಯಲ್ಲಿ ಒಂದೊಂದು ಜಾಗಕ್ಕೂ ಮೂರು ಪಾಳಿ. ಒಂಬತ್ತರವರೆಗೆ ಸೊಪ್ಪಿನಮ್ಮ, ಆಮೇಲೆ ಬಾಳೆಹಣ್ಣಿನವನು, ಸಂಜೆಗೆ ಬೋಂಡಾ ಗಾಡಿ. ಏಳುವವರು ಜಾಗ ಗುಡಿಸಿ ನೀರು ಚಿಮುಕಿಸಿ ಹೋಗಬೇಕು, ಅಷ್ಟೇ ಕರಾರು. ಸೊಪ್ಪಿನಮ್ಮ ಹುಷಾರಿಲ್ಲದೆ ಬಾರದ ದಿನವೂ ಬಾಳೆಹಣ್ಣಿನವನು ಒಂಬತ್ತರ ಮುಂಚೆ ಅಲ್ಲಿ ಬುಟ್ಟಿ ಇಳಿಸುತ್ತಿರಲಿಲ್ಲ. ಇದನ್ನೆಲ್ಲ ನಾನು ನೋಡುತ್ತಲೇ ಇದ್ದೆ. ಕಲಿಯಲಿಲ್ಲ.

ವಿಜಯನಗರಕ್ಕೆ ಮೆಟ್ರೋ ಇನ್ನೂ ಬಂದಿರದ ಕಾಲ. ರಸ್ತೆ ಅಗಲ ಮಾಡುವುದು, ವ್ಯಾಪಾರದವರಿಗೆ ಹತ್ತಿರದಲ್ಲೇ ಕಟ್ಟೆಗಳಿರುವ ಮಾರ್ಕೆಟ್ ಕಟ್ಟಿಕೊಡುವುದು ಎಂದು ತೀರ್ಮಾನವಾಯಿತು. ಯಾರು ಎಲ್ಲಿ ಕೂರುತ್ತಾರೆ ಎಂದು ನಕ್ಷೆ ಮಾಡಿ ಪಟ್ಟಿ ಕೊಡುವ ಕೆಲಸ ನಮ್ಮ ವಿಭಾಗಕ್ಕೆ ಬಂತು. ಮುಖ್ಯಸ್ಥರು ನನ್ನ ತಲೆಗೆ ಕಟ್ಟಿದರು. ನಾನು ಹಿಗ್ಗಿದೆ. ಫಾರಂ ನಾನೇ ತಯಾರಿಸಿದೆ. ಜಾಗದ ಸಂಖ್ಯೆ, ಅದರ ಮುಂದೆ ಹೆಸರು. ಒಂದು ಜಾಗ, ಒಂದು ಹೆಸರು.

ಕಾಲೇಜಿನ ವ್ಯಾನು ನಮ್ಮನ್ನು ಅಲ್ಲಿ ಇಳಿಸುತ್ತಿದ್ದುದು ಹತ್ತೂವರೆಗೆ. ಡ್ರೈವರ್ ಬರುವುದೇ ಒಂಬತ್ತಕ್ಕೆ, ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಏನೂ ನಡೆಯುವುದಿಲ್ಲ ಎಂದು ನಮ್ಮ ವಿಭಾಗದ ನಂಬಿಕೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದಾಗ ಬಾಳೆಹಣ್ಣಿನವನು ಕೂತಿದ್ದ.

"ಮೇಡಂ, ಬೆಳಗ್ಗೆ ಹೊತ್ತು ಇಲ್ಲಿ ಸೊಪ್ಪಿನಮ್ಮ ಕೂತ್ಕೋತಾರೆ, ಅವ್ರ್ದೂ ಬರ್ಕೊಳ್ಳಿ" ಅಂದ.

"ಒಂದು ಜಾಗಕ್ಕೆ ಒಂದೇ ಹೆಸ್ರು ಬರೋದು. ಈಗ ಯಾರು ಕೂತಿದೀರೋ ಅವ್ರ್ದು ಹೇಳಿ" ಅಂದೆ.

ಅವನು ಯಾರ ಮಾತಾಡುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ನಾಳೆ ಸೊಪ್ಪು ತರುವಾಗ ಹೆಸರು ಕೇಳಿ ಬರೆದುಕೊಂಡರಾಯಿತು ಅಂದುಕೊಂಡೆ. ಮರುದಿನ ಮೆಂತ್ಯ ಕೊಂಡೆ, ಕೊತ್ತಂಬರಿ ಕೊಂಡೆ, ಎಂಟರ ಒಳಗೆ ತಿಂಡಿ ಆಗಬೇಕೆಂದು ಓಡಿ ಬಂದೆ. ಅದರ ಮರುದಿನವೂ ಅಷ್ಟೇ.

ಮಾರ್ಕೆಟ್ ಎದ್ದಿತು. ಪಟ್ಟಿಯನ್ನು ಅದರ ಗೋಡೆಗೆ ಅಂಟಿಸಿದರು. ಒಂದು ಬೆಳಗ್ಗೆ ಸೊಪ್ಪಿನಮ್ಮ ವ್ಯಾಪಾರ ಬಿಟ್ಟು ನನ್ನ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. "ನನಗೆ ಓದಾಕ್ ಬರಾಕಿಲ್ಲ. ನೀನೇ ಅಂತಲ್ಲವ್ವ ಬರೆದಿದ್ದು? ನನ್ ಹೆಸ್ರು ಎಲ್ಲೈತೆ, ತೋರ್ಸು."

ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮೇಲಿಂದ ಕೆಳಗೆ ಬೆರಳಾಡಿಸಿದೆ. ಮತ್ತೆ ಕೆಳಗಿಂದ ಮೇಲೆ ಆಡಿಸಿದೆ. ಅವಳ ಕಣ್ಣು ನನ್ನ ಬೆರಳಿನ ಜೊತೆಗೇ ಓಡಾಡುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಬದಲಾಗಿ ಕೊಟ್ಟ ಕಟ್ಟೆ ಬಾಳೆಹಣ್ಣಿನವನ ಹೆಸರಿಗಿತ್ತು. ಅವನೇನೋ ಪಾಪ, ಬೆಳಗ್ಗೆ ಹೊತ್ತು ನೀನೇ ಕೂತ್ಕೋ ಅಂದನಂತೆ. ಆದರೆ ಮಾರ್ಕೆಟ್ಟಿನ ಗೇಟು ತೆಗೆಯುತ್ತಿದ್ದುದೇ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಸೊಪ್ಪು ಯಾರಿಗೆ ಬೇಕು? "ಏನೋ ತಪ್ಪಾಗಿದೆ, ನಾನು ಸರಿ ಮಾಡಿಸ್ತೀನಿ" ಅಂದೆ. ಅವಳು ನಂಬಿದಳು.

ಸರಿ ಮಾಡಿಸಲು ಮುಖ್ಯಸ್ಥರ ಕೋಣೆಗೆ ಹೋದೆ. ವಾರ್ಡ್ ಆಫೀಸಿಗೆ ಒಂದು ಪತ್ರ ಬರೆದಿದ್ದೆ: ಸಮೀಕ್ಷೆ ಹಗಲಿನ ವ್ಯಾಪಾರವನ್ನು ಮಾತ್ರ ಹಿಡಿದಿದೆ, ಬೆಳಗಿನವರು ಬಿಟ್ಟುಹೋಗಿದ್ದಾರೆ, ಮತ್ತೊಮ್ಮೆ ಮಾಡಬೇಕು. ಆ ಮನುಷ್ಯ ಸಮೀಕ್ಷೆಯ ಜಾಗಕ್ಕೆ ಒಂದೇ ಒಂದು ಸಲ ಬಂದವನು, ಅದೂ ಫೋಟೋಗೆ. ಪತ್ರ ಓದಿ ಕನ್ನಡಕ ತೆಗೆದ.

"ಕಳಿಸಿ, ಬೇಡ ಅನ್ನಲ್ಲ. ಆದ್ರೆ ಸಮೀಕ್ಷೇನೇ ತಪ್ಪು ಅಂತ ನೀವೇ ಸೈನ್ ಹಾಕ್ದಂಗೆ ಆಗುತ್ತೆ. ಇಡೀ ಲಿಸ್ಟ್ ಕ್ಯಾನ್ಸಲ್ ಮಾಡ್ತಾರೆ, ಕಟ್ಟೆ ಸಿಕ್ಕಿರೋರೂ ಬೀದಿಗೆ ಬರ್ತಾರೆ. ಮತ್ತೆ ನಿಮ್ಮ ಪ್ರಮೋಷನ್ ಫೈಲು ನನ್ನ ಟೇಬಲ್ ಮೇಲಿದೆ. ಅದರಲ್ಲಿ ಇದೇ ರಿಪೋರ್ಟ್ ಅಲ್ವಾ ಇರೋದು?"

ಪಟ್ಟಿ ನಿಜಕ್ಕೂ ರದ್ದಾಗುತ್ತಿತ್ತೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ. ಕೇಳದಿರುವುದು ಅನುಕೂಲವಾಗಿತ್ತು. ಕಟ್ಟೆ ಸಿಕ್ಕಿದವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ದಯೆ! ಪತ್ರ ಬ್ಯಾಗಿನಲ್ಲೇ ಉಳಿಯಿತು. ವರದಿಯ ಕೊನೆಯಲ್ಲಿ 'ಇತಿಮಿತಿಗಳು' ಎಂಬ ಭಾಗವಿರುತ್ತದೆ, ನಮ್ಮಂಥವರು ಪಾಪ ತೊಳೆದುಕೊಳ್ಳುವ ಬಚ್ಚಲು ಅದು. ಅಲ್ಲಿ ಒಂದು ವಾಕ್ಯ ಸೇರಿಸಿದೆ. ಮುಂಜಾನೆಯ ವ್ಯಾಪಾರವನ್ನು ಈ ಅಧ್ಯಯನ ಪೂರ್ಣವಾಗಿ ಒಳಗೊಂಡಿಲ್ಲ. ಆ ಬೇಸಿಗೆಯಲ್ಲಿ ಬಡ್ತಿ ಬಂತು, ನಾನು ರೀಡರ್ ಆದೆ.

ಸೊಪ್ಪಿನಮ್ಮ ಹಳೆಯ ಜಾಗದಲ್ಲೇ ಕೂರುತ್ತಿದ್ದಳು. ದಿನಾ ಕೇಳುವಳು, "ಏನಾಯ್ತವ್ವ?" ದಿನಾ ಹೇಳುವೆ, "ಕೊಟ್ಟಿದೀನಿ, ನೋಡ್ತಾ ಇದಾರೆ." ಆಮೇಲಾಮೇಲೆ ಅವಳ ಮೇಲೇ ಸಿಟ್ಟು ಬರತೊಡಗಿತು. ಆರ್‌ಪಿಸಿ ಲೇಔಟಿನ ಕಡೆಯ ಅಂಗಡಿಗೆ ಹೋಗಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದೆ. ಹೋದರೆ ಎಲ್ಲ ಒಪ್ಪಿಕೊಂಡಂತಾಗುತ್ತದೆ ಎಂದು ಹೋಗಲಿಲ್ಲ.

ವಾರ್ಡ್ ಆಫೀಸಿನವರು ಜಾಗ ಖಾಲಿ ಮಾಡಿಸಲು ಬಂದದ್ದು ಒಂದು ಬೆಳಗ್ಗೆ ಏಳು ಗಂಟೆಗೆ. ಲಾರಿ, ನಾಲ್ಕು ಆಳು, ಒಬ್ಬ ಅಧಿಕಾರಿ. ಅವಳು ಎಷ್ಟು ಹೊತ್ತಿಗೆ ಅಲ್ಲಿರುತ್ತಾಳೆ ಎಂದು ಎಬ್ಬಿಸುವವರಿಗೆ ಸರಿಯಾಗಿ ಗೊತ್ತಿತ್ತು, ಅವರಿಗೆ ಯಾವ ಫಾರಮ್ಮೂ ಬೇಕಾಗಿರಲಿಲ್ಲ. ನಾನು ಚೀಲ ಹಿಡಿದು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ದಂಟು, ಮೆಂತ್ಯ, ಕೊತ್ತಂಬರಿ ಎಲ್ಲವನ್ನೂ ಗೋಣಿಯ ಸಮೇತ ಎತ್ತಿ ಲಾರಿಗೆ ಎಸೆದರು.

"ಲಿಸ್ಟಲ್ಲಿ ಇಲ್ಲಮ್ಮ ನೀನು. ಏಳು" ಅಂದ ಅಧಿಕಾರಿ.

"ಆ ಮೇಡಮ್ಮನ್ನ ಕೇಳಿ ಸಾಮಿ! ಆಯಮ್ಮನೇ ಬರ್ದಿರಾದು. ಆರು ವರ್ಸದಿಂದ ನನ್ ತಾವ್ಲೇ ಸೊಪ್ಪು ತಗೊಂಡೋಗಾದು. ಕೇಳಿ, ಕೇಳಿ!"

ಅವನಿಗೆ ನನ್ನ ಗುರುತಿತ್ತು. ಮೀಟಿಂಗಿನಲ್ಲಿ ನನ್ನ ನಕ್ಷೆ ನೋಡಿ ಹೊಗಳಿದವನೇ. ಹತ್ತಿರ ಬಂದು ಮರ್ಯಾದೆಯಿಂದಲೇ ಕೇಳಿದ, "ನಮಸ್ಕಾರ ಮೇಡಂ. ಈಯಮ್ಮ ಲಿಸ್ಟಲ್ಲಿ ಬಿಟ್ಟೋಗಿದಾರಾ? ಹಾಗಿದ್ರೆ ಹೇಳಿ, ಒಂದು ಹೆಸ್ರು ಸೇರಿಸ್ಬೋದು."

ಒಂದು ಹೆಸರು ಸೇರಿಸಬಹುದಂತೆ. ಪಟ್ಟಿ ರದ್ದಾಗಬೇಕಿರಲಿಲ್ಲ, ಯಾರೂ ಬೀದಿಗೆ ಬರಬೇಕಿರಲಿಲ್ಲ. ಹೌದು ಅಂದರೆ ಸಾಕಿತ್ತು. ಆದರೆ ಹೌದು ಅಂದರೆ, ಇಷ್ಟು ತಿಂಗಳು ದಿನಾ ಬೆಳಗ್ಗೆ ನಾನು ಹೇಳಿದ್ದು ಸುಳ್ಳು ಎಂದು ಅಲ್ಲೇ, ಅವಳ ಮುಂದೆಯೇ ಆಗುತ್ತಿತ್ತು. ರೀಡರ್ ಮೇಡಮ್ಮಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಲಿಸ್ಟ್ ಫೈನಲ್ ಆಗಿದೆ" ಅಂದೆ.

ಸೊಪ್ಪಿನಮ್ಮ ಒಂದು ಗಳಿಗೆ ನನ್ನನ್ನು ನೋಡಿದಳು. ಶಾಪ ಹಾಕುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡೆ. ಅವಳು ಸೆರಗು ಕೊಡವಿ ಅಧಿಕಾರಿಯ ಕಡೆ ತಿರುಗಿದಳು.

"ಬುಡಿ ಸಾಮಿ, ನಂದೇ ತಪ್ಪು. ಆಯಮ್ಮಂಗೆ ನಾನ್ಯಾರೂಂತ ಗೊತ್ತಿಲ್ಲ."

ಅಧಿಕಾರಿ ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ.