ಪರದೆಯಲ್ಲಿ ನಿಂತ ಕೈ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಕಟ್ಟಡ, ರಸ್ತೆ, ಚಳಿ ಎಂದು ಬಣ್ಣಿಸುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಇವರು ಯಾರೂ ಅಲ್ಲಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಹತ್ತಿಸಲು ಕುಳಿತವರಲ್ಲ. ನಾನು ಕುಳಿತಿದ್ದೇನೆ. ಒಂದು ದೇಶದಲ್ಲಿ ಕಲಿತ ಪಾಠ ಇನ್ನೊಂದು ದೇಶದಲ್ಲಿ ಪೈಸೆಯಷ್ಟೂ ಉಪಯೋಗವಿಲ್ಲ.

ನಮ್ಮ ಕೆಲಸ ಅಂಗಿ ನೋಡುವುದು. ನಮ್ಮ ಕಂಪನಿ ಎಲ್ಲೆಲ್ಲೋ ಅಂಗಿ ಹೊಲಿಸುತ್ತದೆ. ಅವು ಪೆಟ್ಟಿಗೆ ಸೇರಿ ಹಡಗು ಹತ್ತುವ ಮುನ್ನ ಹೊಲಿಗೆ, ಗುಂಡಿ, ಕಾಲರು ಸರಿಯಾಗಿವೆಯೇ ಎಂದು ನೋಡಲು ಇಬ್ಬರು ಹೆಂಗಸರನ್ನು ಅಟ್ಟುತ್ತದೆ. ಒಬ್ಬಳು ನಾನು. ಇನ್ನೊಬ್ಬಳು ನನಗಿಂತ ಹಿರಿಯಳು. ಕಚೇರಿಯವರೆಲ್ಲ ಅವಳ ಬೆನ್ನ ಹಿಂದೆ ಸೂಜಿಗಣ್ಣಿ ಎನ್ನುತ್ತಾರೆ, ಎದುರಿಗೆ ಅಕ್ಕ ಎನ್ನುತ್ತಾರೆ. ನಾನು ಎರಡು ಕಡೆಯೂ ಅಕ್ಕ ಎಂದೇ ಅನ್ನುತ್ತೇನೆ, ಅವಳ ಕಿವಿ ಬಹಳ ಚುರುಕು. ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಲ್ಯಾಪ್‌ಟಾಪು. ದುಡಿಸಿಕೊಳ್ಳುವಾಗ ಮಾತ್ರ ಕಂಪನಿಯ ಲೆಕ್ಕದಲ್ಲಿ ನಾವು ಇಬ್ಬರು.

ಅಕ್ಕ ಕೆಲಸ ಮಾಡುವುದನ್ನು ನೋಡಬೇಕು. ಬಿಳಿ ದೀಪದ ಕೆಳಗೆ ಅಂಗಿ ಹರಡಿ ಅಂಗೈಯಿಂದ ಒಮ್ಮೆ ಸವರುತ್ತಾಳೆ. ತಪ್ಪು ಕಂಡಲ್ಲಿ ಕೆಂಪು ಕಾಗದದ ಬಾಣ ಅಂಟಿಸುತ್ತಾಳೆ. ಕಾರ್ಖಾನೆಯವರು ಕೈಕಾಲು ಹಿಡಿದರೂ ಬಾಣ ಕೀಳುವುದಿಲ್ಲ. ‘ಇದು ಆಗಲ್ಲ’ ಎನ್ನುವುದಕ್ಕೆ ಅವಳಿಗೆ ದಾಕ್ಷಿಣ್ಯ ಎಂಬುದೇ ಇಲ್ಲ. ಈ ಸಲವೂ ಹೋದ ಮೊದಲ ದಿನವೇ ಒಂದು ರಾಶಿ ಕಾಲರುಗಳನ್ನು ತಿರಸ್ಕರಿಸಿ, ಅಲ್ಲಿನ ಮ್ಯಾನೇಜರನ ಮುಖವನ್ನು ಹರಳೆಣ್ಣೆ ಕುಡಿದವನ ಮುಖ ಮಾಡಿದ್ದಳು.

ಇಂಥ ಅಕ್ಕನಿಗೆ ಒಬ್ಬ ತಮ್ಮ. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಅವನಂಥ ಮಕ್ಕಳ ಶಾಲೆ ದೂರದಲ್ಲಿತ್ತು, ತಾಯಿ ಕಳಿಸಲಿಲ್ಲ. ಹಾಗಾಗಿ ಓದುಬರಹವೂ ಅಷ್ಟಕ್ಕಷ್ಟೆ. ಆದರೆ ತಾಯಿ, ಅಕ್ಕ, ತಮ್ಮ ಮೂವರೂ ಅಡುಗೆಮನೆಯಲ್ಲಿ ಕೂತು ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡರು. ಯಾವ ಪುಸ್ತಕದಲ್ಲೂ ಇಲ್ಲದ, ಆ ಮನೆಯ ಹೊಸಿಲು ದಾಟದ ಭಾಷೆ. ತಾಯಿ ತೀರಿಕೊಂಡ ಮೇಲೆ ಅದನ್ನು ಬಲ್ಲವರು ಭೂಮಿಯ ಮೇಲೆ ಇಬ್ಬರೇ ಉಳಿದರು.

ತಮ್ಮನಿಗೆ ಕ್ಷೌರದ ಅಂಗಡಿ ಇದೆ. ವ್ಯಾಪಾರ ಚೆನ್ನಾಗಿದೆ. ಕತ್ತರಿ ಹಿಡಿದವನು ಬಾಯಿ ಬಿಡದೆ ಕೆಲಸ ಮಾಡುವ ಅಂಗಡಿ ಊರಿಗೆ ಅದೊಂದೇ ಎಂದು ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಕನ್ನಡಿ ಇದೆ, ಬೆರಳಿದೆ, ಅಷ್ಟರಲ್ಲೇ ನಡೆಯುತ್ತದೆ. ಅದರಾಚೆ ಬ್ಯಾಂಕು, ಆಸ್ಪತ್ರೆ, ಜಗಳ, ಸಂಬಂಧ, ಎಲ್ಲದಕ್ಕೂ ಅಕ್ಕನೇ ಬೇಕು. ಚಿಕ್ಕಂದಿನಿಂದ ಅವಳು ಎರಡು ಬಾಯಿ ಹೊತ್ತು ತಿರುಗಿದ್ದಾಳೆ. ಅವಳು ನಗುವುದು ಕಡಿಮೆ ಎಂದು ದೂರುವವರಿಗೆ ಇದು ಗೊತ್ತಿಲ್ಲ.

ಅವನ ಬಲಗೈ ಮಣಿಕಟ್ಟಿನಲ್ಲಿ ಒಂದು ಗಡ್ಡೆ ಎದ್ದಿತ್ತು. ನಾವು ಹೊರಡುವ ಮುಂಚೆ ಅದರ ಚೂರು ತೆಗೆದು ಪರೀಕ್ಷೆಗೆ ಕೊಟ್ಟಿದ್ದರು. ಕೊಬ್ಬಿನ ಗಂಟು ಇರಬೇಕು ಎಂದುಕೊಂಡೇ ಅಕ್ಕ ವಿಮಾನ ಹತ್ತಿದ್ದಳು. ನಾವು ಪರದೇಶದಲ್ಲಿ ಇಳಿದ ಮರುದಿನ ಸೋದರಮಾವ ನಮ್ಮ ಕಚೇರಿಯ ಮೂಲಕ ಕಾರ್ಖಾನೆಯ ಫೋನಿಗೆ ಸುದ್ದಿ ಮುಟ್ಟಿಸಿದ. ಅದು ಕೊಬ್ಬಿನ ಗಂಟಲ್ಲ. ನಾವು ಮರಳುವ ತನಕ ಕಾಯಲು ಡಾಕ್ಟರಮ್ಮ ಒಪ್ಪುತ್ತಿಲ್ಲ. ಕೊಯ್ಯುವುದಕ್ಕೆ ಮುಂಚೆ ರೋಗಿಗೆ ಪೂರ್ತಿ ತಿಳಿಯಬೇಕು, ತಿಳಿದು ಅವನೇ ಒಪ್ಪಬೇಕು, ಇಲ್ಲದಿದ್ದರೆ ತಾನು ಚಾಕು ಮುಟ್ಟುವುದಿಲ್ಲ ಎಂದು ಆಕೆಯ ಹಟ. ಕೈಸನ್ನೆ ಬಲ್ಲವರೊಬ್ಬರನ್ನು ಕರೆಸಿಯೂ ನೋಡಿದರಂತೆ. ಅವರ ಸನ್ನೆ ಇವನಿಗೆ ತಿಳಿಯಲಿಲ್ಲ, ಇವನದು ಅವರಿಗೆ ತಿಳಿಯಲಿಲ್ಲ. ಉಳಿದದ್ದು ಅಕ್ಕ ಒಬ್ಬಳೇ, ಅವಳು ಸಮುದ್ರದಾಚೆ.

ಅವಳ ಫೋನಿನ ಚಿಕ್ಕ ಕ್ಯಾಮೆರಾ ಕಣ್ಣಿಗೆ ಮುಖ ಕಂಡರೆ ಕೈ ಕಾಣದು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ದೂರ ನಿಂತರೆ ಮಾತ್ರ ಸೊಂಟದಿಂದ ತಲೆಯವರೆಗೆ ಕಾಣುತ್ತಾಳೆ, ಎರಡು ಕೈಯೂ ಬಿಡುವಾಗಿರುತ್ತವೆ. ಹಾಗಾಗಿ ಲ್ಯಾಪ್‌ಟಾಪಿಗೇ ಇಂಟರ್ನೆಟ್ ಬೇಕು. ಮೊದಲು ಪ್ಲಗ್ಗು ಗೋಡೆಗೆ ಹಿಡಿಸಲಿಲ್ಲ. ಬೇರೆ ಕೊಂಡು ತಂದೆ. ಆಮೇಲೆ ವಸತಿಗೃಹದ ವೈಫೈ ಒಂದು ಪುಟ ತೆರೆದು ಫೋನ್ ನಂಬರು ಕೇಳಿತು, ಅದಕ್ಕೆ ಬರುವ ಗುಟ್ಟಿನ ಅಂಕಿ ಹಾಕಿದರೆ ಮಾತ್ರ ಒಳಗೆ ಬಿಡುತ್ತೇನೆ ಎಂದಿತು. ನಮ್ಮ ಊರಿನ ನಂಬರು ಆ ನೆಲದಲ್ಲಿ ಸತ್ತ ಹಾಗೆ. ಅಲ್ಲಿನ ಸಿಮ್ ಕೊಳ್ಳಲು ಹೋದರೆ ಅಲ್ಲಿನ ವಿಳಾಸ ಕೇಳಿದರು. ವಿಳಾಸವೆಂದು ವಸತಿಗೃಹದ ಹೆಸರು ಹೇಳಿದೆ, ಅಂಗಡಿಯವಳು ತಲೆ ಅಲ್ಲಾಡಿಸಿದಳು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಇದಕ್ಕೇ. ಕಡೆಗೆ ಕೆಳಗೆ ಬಾಗಿಲ ಬಳಿ ಕೂರುವ ಹೆಂಗಸು ಕನಿಕರಪಟ್ಟು ತನ್ನ ನಂಬರನ್ನೇ ಹಾಕಿಕೊಟ್ಟಳು. ಆದರೆ ಆ ವೈಫೈ ಸ್ವಲ್ಪ ಹೊತ್ತಿಗೊಮ್ಮೆ ನಮ್ಮನ್ನು ಮರೆತುಬಿಡುತ್ತಿತ್ತು. ಆಗೆಲ್ಲ ನಾನು ಮೆಟ್ಟಿಲಿಳಿದು ಓಡಿ ಅವಳಿಂದ ಹೊಸ ಅಂಕಿ ತರಬೇಕು. ನನ್ನ ಮೊಣಕಾಲಿಗೆ ಆ ಮೆಟ್ಟಿಲುಗಳ ಪರಿಚಯ ಇವತ್ತಿಗೂ ಇದೆ.

ಮರುದಿನ ಬೆಳಗ್ಗೆ ಅಕ್ಕ ಕಿಟಕಿಯ ಪರದೆಗೆ ಬೆನ್ನು ಕೊಟ್ಟು ನಿಂತಳು. ಬಳೆ ತೆಗೆದಿಟ್ಟಳು, ಮಿಂಚಿದರೆ ತಮ್ಮನ ಕಣ್ಣು ತಪ್ಪುತ್ತದಂತೆ. ಆ ಕಡೆ ಆಸ್ಪತ್ರೆಯ ಕೋಣೆ ಕಾಣಿಸಿತು. ಡಾಕ್ಟರಮ್ಮ, ಪಕ್ಕದಲ್ಲಿ ತಮ್ಮ. ಸೋದರಮಾವ ಫೋನು ಹಿಡಿದಿದ್ದ. ಗಂಟಲು ಹರಿದುಕೊಂಡರೆ ಯಾವ ಕಿವಿಯಾದರೂ ತೆರೆಯುತ್ತದೆ ಎಂದು ಇಷ್ಟು ವರ್ಷವಾದರೂ ನಂಬಿರುವ ಮನುಷ್ಯ ಆತ. ಅಳಿಯನ ಕಿವಿಯ ಹತ್ತಿರ ಬಾಗಿ, ಅಕ್ಕ ಬಂದಳು ಎಂದು ಅಬ್ಬರಿಸಿದ. ತಮ್ಮ ಬೆಚ್ಚಲೂ ಇಲ್ಲ, ನಾನು ಬೆಚ್ಚಿದೆ.

ಡಾಕ್ಟರಮ್ಮ ಒಂದೊಂದೇ ಮಾತು ಹೇಳತೊಡಗಿದಳು. ಅಕ್ಕ ಕೈಯಲ್ಲಿ ಅದನ್ನೇ ಹೇಳುತ್ತ ಹೋದಳು. ಕೈ ಆಡುವಾಗ ಅವಳ ತುಟಿಯೂ ಗೊಣಗುತ್ತದೆ, ಹಾಗಾಗಿ ನನಗೂ ತಿಳಿಯುತ್ತಿತ್ತು. ಗಡ್ಡೆ ಎಂದಳು, ನರ ಎಂದಳು. ಅಷ್ಟರಲ್ಲಿ ಮಾವನ ದನಿ ಬಂತು: ನಿನ್ನ ಕೈ ಅಲ್ಲಾಡ್ತಾನೇ ಇಲ್ಲ ಕಣಮ್ಮ. ಇಲ್ಲಿ ಅಕ್ಕನ ಕೈ ಆಡುತ್ತಲೇ ಇತ್ತು. ಅಲ್ಲಿಗೆ ತಲುಪಿದ ಚಿತ್ರದಲ್ಲಿ ಗಾಳಿಯಲ್ಲಿ ನಿಂತುಬಿಟ್ಟಿತ್ತು. ದನಿ ಚೆನ್ನಾಗಿ ಹೋಗುತ್ತಿತ್ತು. ಲೋಕದ ತಮ್ಮಂದಿರಿಗೆಲ್ಲ ದನಿ ಸಾಕು, ಇವನೊಬ್ಬನಿಗೆ ಚಿತ್ರ ಬೇಕು, ನಮ್ಮ ಕರ್ಮಕ್ಕೆ ಅದೇ ಹೋಗುತ್ತಿಲ್ಲ. ಆಮೇಲೆ ದನಿಯೂ ಕಡಿಯಿತು, ನಾನು ಓಡಿ ಅಂಕಿ ತಂದೆ. ಮತ್ತೆ ಹತ್ತಿತು, ಚಿತ್ರ ಮತ್ತೆ ನಿಂತಿತು. ಎರಡನೇ ಸಲ ನಿಂತಾಗ ತಮ್ಮ ಪರದೆಯನ್ನೇ ದಿಟ್ಟಿಸಿದ. ಎದ್ದ. ಮೇಜಿಗೆ ಒಮ್ಮೆ ಅಂಗೈ ಬಡಿದು ಹೊರಗೆ ಹೊರಟುಹೋದ. ಉಳಿದದ್ದನ್ನು ಡಾಕ್ಟರಮ್ಮ ಅಕ್ಕನಿಗೆ ದನಿಯಲ್ಲೇ ಹೇಳಿ ಮುಗಿಸಿದಳು.

ನಾನು ವೈಫೈಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅವನಿಗಾದರೂ ಅಷ್ಟು ಸಹನೆ ಬೇಡವೇ, ಇಂಟರ್ನೆಟ್ ನಿಲ್ಲುವುದು ಯಾರಿಗೆ ಗೊತ್ತಿಲ್ಲ ಎಂದು ಅವನಿಗೂ ಒಂದಿಷ್ಟು ಬೈದೆ. ಅಕ್ಕ ಮಂಚದ ಅಂಚಿನಲ್ಲಿ ಕುಸಿದು ಕೂತಿದ್ದಳು.

“ಇಂಟರ್ನೆಟ್ ನಿಂತಿದೆ ಅಂತ ಅವನು ಅಂದ್ಕೊಳ್ಳಲ್ಲ ಕಣೇ,” ಎಂದಳು. “ನಾನು ಸುಳ್ಳು ಹುಡುಕ್ತಿದೀನಿ ಅಂದ್ಕೊಳ್ತಾನೆ.”

ಆಮೇಲೆ ಬಿಡಿಸಿ ಹೇಳಿದಳು. ತಮ್ಮನ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ಅದನ್ನು ಅವಳು ಅವನಿಗೆ ಇದ್ದ ಹಾಗೆ ಎಂದೂ ದಾಟಿಸಿದವಳಲ್ಲ. ಹೆಣ್ಣು ಕೇಳಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪ, ಮೂಗನಿಗೆ ಕೊಡುವ ಬದಲು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಿದ್ದ. ಅಕ್ಕ ಅದನ್ನು, ಈ ವರ್ಷ ಅವರು ಮದುವೆ ಮಾಡುವುದಿಲ್ಲವಂತೆ ಎಂದು ಮಾಡಿದ್ದಳು. ತಾಯಿಯ ಕಾಯಿಲೆಯನ್ನೂ ಹಾಗೇ ಕಡೆಯವರೆಗೆ ಸಣ್ಣದು ಮಾಡಿದ್ದಳು. ಪ್ರತಿ ಸಲವೂ ಮಾತು ಬದಲಿಸುವಾಗ ಅವಳ ಕೈ ಗಳಿಗೆ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ತಾನು ಹಾಗೆ ನಿಲ್ಲುತ್ತೇನೆಂದು ಅವಳಿಗೆ ಬಹಳ ಕಾಲ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ನಿಂತ ಕೈ ಎಂದರೆ ಅವನ ಲೆಕ್ಕದಲ್ಲಿ ಮುಚ್ಚಿಟ್ಟ ಮಾತು. ಪರದೆಯ ಮೇಲೆ ಅವನು ನೋಡಿದ್ದು ಅದನ್ನೇ.

ನನಗೆ ನಿಜವಾಗಿ ಸಿಟ್ಟು ಬಂತು. ಕಂಡವರ ಅಂಗಿಗೆಲ್ಲ ಬಾಣ ಅಂಟಿಸುವವಳು ಸ್ವಂತ ತಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಲಾರಳೇ ಎಂದು ಕೇಳಿಯೇಬಿಟ್ಟೆ. “ಅಂಗಿಗೆ ನೋವಾಗಲ್ಲ,” ಎಂದಳು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದು, ಕೇಳಬಾರದಿತ್ತು ಎನಿಸಿತು.

ಕೆಲಸಕ್ಕಂತೂ ಹೋಗಲೇಬೇಕಿತ್ತು. ಲ್ಯಾಪ್‌ಟಾಪು ಹೊತ್ತು ಕಾರ್ಖಾನೆಗೆ ಹೋದೆವು. ಅಲ್ಲಿನ ವೈಫೈಯಲ್ಲಿ ವಿಡಿಯೋ ಮಾತುಕತೆಗೆ ಬೀಗ ಹಾಕಿದ್ದರು. ಆ ಮ್ಯಾನೇಜರನನ್ನೇ ಕೇಳಬೇಕು, ಬಂದ ಮೊದಲ ದಿನವೇ ಅವನ ಕಾಲರುಗಳನ್ನು ತಿರಸ್ಕರಿಸಿ ರಾಶಿ ಹಾಕಿದವರು ನಾವೇ. ಯಾವ ಮುಖ ಹೊತ್ತು ಕೇಳುವುದು? ಅಕ್ಕ ಕೇಳಿದಳು. ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ಹೇಳಿದಳು: ತಮ್ಮ, ಕಿವಿ, ಆಸ್ಪತ್ರೆ, ಕೈ. ಆತ ತನ್ನ ಕೋಣೆಯಿಂದ ಇಂಟರ್ನೆಟ್ಟಿನ ಉದ್ದನೆಯ ತಂತಿ ಎಳೆದು ತಂದ. ನಮ್ಮ ತೆಳು ಲ್ಯಾಪ್‌ಟಾಪಿನಲ್ಲಿ ಆ ತಂತಿ ತೂರಲು ತೂತೇ ಇರಲಿಲ್ಲ. ಊಟದ ಹೊತ್ತಿಗೆ ಬಟ್ಟೆ ಕತ್ತರಿಸುವ ಯಂತ್ರ ನಿಂತಾಗ, ಅದರ ಕಂಪ್ಯೂಟರಿನಿಂದ ತಂತಿ ಕೂರಿಸುವ ಒಂದು ಪುಟ್ಟ ಕೊಂಡಿ ಕಿತ್ತು ತಂದು ನಮ್ಮದಕ್ಕೆ ಸಿಕ್ಕಿಸಿದ. ಊಟ ಮುಗಿಯುವ ತನಕ ಅದು ನಿಮ್ಮದು ಎಂದು ಕೈಯಲ್ಲೇ ತೋರಿಸಿ ಆಚೆ ಹೋಗಿ ನಿಂತ. ಅವನ ಹೊಟ್ಟೆ ತಣ್ಣಗಿರಲಿ.

ಅಂಗಿ ನೋಡುವ ಬಿಳಿ ದೀಪದ ಕೆಳಗೆ ಅಕ್ಕ ನಿಂತಳು. ಸುತ್ತ ಬಾಣ ಅಂಟಿಸಿದ ಅಂಗಿಗಳ ರಾಶಿ. ಮಾವ ಸಿಕ್ಕಿದ. ಡಾಕ್ಟರಮ್ಮ ಇನ್ನೂ ಇದ್ದಾಳೆ, ಆದರೆ ಅಳಿಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ, ಎಷ್ಟು ಕೂಗಿದರೂ ಬರುತ್ತಿಲ್ಲ ಎಂದ.

“ಕೂಗಬೇಡಿ ಮಾವ. ಫೋನ್ ತಗೊಂಡು ಹೋಗಿ ಅವನ ಮುಂದೆ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು.”

ತಮ್ಮ ಕಾಣಿಸಿದ. ಪರದೆ ನೋಡಿದವನೇ ಮುಖ ತಿರುಗಿಸಿದ. ಕಿವಿ ಕೇಳದವನು ಮುಖ ತಿರುಗಿಸಿದರೆ ಮುಗಿಯಿತು, ಹೊರಗೆ ನಿಂತು ಎಷ್ಟು ಬಾಗಿಲು ತಟ್ಟಿದರೂ ವ್ಯರ್ಥ. ನನಗೆ ಅಳುವೇ ಬಂತು. ಅಕ್ಕ ಮಾತ್ರ ಕಾಯಲಿಲ್ಲ. ಆ ತಿರುಗಿದ ಕೆನ್ನೆಗೇ ಹೇಳಲು ಶುರುಮಾಡಿದಳು. ಕೈ ಓಡತೊಡಗಿತು, ತುಟಿ ಹಿಂದೆಯೇ ಗೊಣಗಿತು. ಗಡ್ಡೆ ನರಕ್ಕೆ ಅಂಟಿದೆ. ತೆಗೆಯಲೇಬೇಕು. ಬಿಟ್ಟರೆ ಇಡೀ ಕೈ ಹೋಗುತ್ತದೆ, ಆಮೇಲೆ ಜೀವವೂ ಹೋಗಬಹುದು. ಒಂದು ಕಡೆಯೂ ಕೈ ನಿಲ್ಲಲಿಲ್ಲ, ಚಿತ್ರವೂ ನಿಲ್ಲಲಿಲ್ಲ. ಅವನ ಓರೆಗಣ್ಣಿಗೆ ಆ ಓಟ ಬಿದ್ದಿರಬೇಕು. ಮೆಲ್ಲಗೆ ಮುಖ ಈ ಕಡೆ ಬಂತು.

ತೆಗೆದರೆ ಉಂಗುರದ ಬೆರಳು, ಕಿರುಬೆರಳು ಎರಡೂ ಏಳುವುದಿಲ್ಲ ಎಂದಳು. ಉಂಗುರದ ಬೆರಳಿಲ್ಲದೆ ಬಲಗೈಯಲ್ಲಿ ಕತ್ತರಿ ಹಿಡಿಯಲಾಗದು ಎಂದಳು. ನಮ್ಮ ಮಾತಿನಲ್ಲಿ ಅರ್ಧ ಹೋಗುತ್ತದೆ ಎಂದಳು. ಆಮೇಲೆ ಕಿರುಬೆರಳನ್ನು ಮೂಗುತಿಯ ಜಾಗಕ್ಕೆ ಮುಟ್ಟಿಸಿದಳು. ಅದು ಅವರಲ್ಲಿ ಅಮ್ಮ ಎನ್ನುವ ಮಾತು. ಇದೂ ಹೋಗುತ್ತದೆ ಎಂದಳು. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ನಿಲ್ಲಿಸಬೇಕು, ಅವಳು ನಿಲ್ಲಿಸಲಿಲ್ಲ. ಸಮುದ್ರದ ಈಚೆ ನಿಂತು ಒಬ್ಬ ಮನುಷ್ಯನ ಕೈ ಬೆರಳುಗಳನ್ನು ಹೀಗೆ ಒಂದೊಂದಾಗಿ ಕಿತ್ತುಕೊಳ್ಳುವ ಕೆಲಸ ನನ್ನ ಶತ್ರುವಿಗೂ ಬೇಡ.

ಹೇಳಿ ಮುಗಿಯಿತು. ಅವಳ ಎರಡೂ ಕೈ ಕೆಳಗೆ ಬಿದ್ದವು.

ತಮ್ಮ ಬಹಳ ಹೊತ್ತು ಅಲುಗಲಿಲ್ಲ. ಚಿತ್ರವೇ ನಿಂತಿತೇನೋ ಎಂದು ನಾನು ತಂತಿ ಮುಟ್ಟಿ ನೋಡಿದೆ. ನಿಂತಿರಲಿಲ್ಲ. ಅವನು ತನ್ನ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಅದರ ಮೇಲೆ ಭಾರ ಬಿಟ್ಟು ಕೂತ. ಎಡಗೈ ಎತ್ತಿದ. ನಿಧಾನವಾಗಿ, ತಡವರಿಸುತ್ತ, ಮಾತು ಕಲಿಯುವ ಕೂಸಿನ ಹಾಗೆ ಏನೋ ಹೇಳಿದ.

ಅಕ್ಕನಿಗೆ ತಿಳಿಯಲಿಲ್ಲ. ಅವನ ಬದುಕಿನ ಮಾತುಗಳನ್ನೆಲ್ಲ ಊರಿಗೆ ಹೇಳಿದವಳು ಪರದೆಯ ಹತ್ತಿರಕ್ಕೆ ಬಾಗಿ, ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದಳು. ಅವನು ಇನ್ನೊಮ್ಮೆ ಹೇಳಿದ. ಮತ್ತೆ ತಿಳಿಯಲಿಲ್ಲ. ಅವನಿಗೆ ಬೇಸರವಾಗಲಿಲ್ಲ. ಮತ್ತೂ ನಿಧಾನ ಮಾಡಿ ಮೂರನೇ ಸಲ ಹೇಳಿದ. ಈ ಸಲ ಅಕ್ಕ ಹಿಂದಕ್ಕೆ ಸರಿದು, ಅಂಗಿಗಳ ರಾಶಿಯ ಮೇಲೇ ಕೂತುಬಿಟ್ಟಳು.

ಮಾವ ಆ ಕಡೆಯಿಂದ ಕೂಗುತ್ತಿದ್ದ, ಏನಂತೆ, ಡಾಕ್ಟರಮ್ಮನಿಗೆ ಏನು ಹೇಳಲಿ ಎಂದು. ಒಪ್ಪಿದ್ದಾನೆ ಎಂದು ಅಕ್ಕ ಮಾವನಿಗೆ ಹೇಳಿದಳು. ಅವನು ಹೇಳಿದ್ದು ಅಷ್ಟೇ ಅಲ್ಲವೆಂದು ನನಗೆ ಕಂಡಿತು. ಮತ್ತೇನಂದ ಎಂದು ಕೇಳಿದೆ.

“ಡಾಕ್ಟರಮ್ಮ ಬೆಳಗ್ಗೇನೇ ಆ ಎರಡು ಬೆರಳು ಮಡಚಿ ತೋರಿಸಿದ್ರಂತೆ. ಆಗಲೇ ಎಲ್ಲ ಗೊತ್ತಾಯ್ತಂತೆ,” ಎಂದಳು. “ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ ಅಂತಾನೆ.”