ಮುಂದಿನ ಅಲೆ, ಹಿಂದಿನ ಅಲೆ

ಕಾಕಾ ಅವರ ಲ್ಯಾಪ್‌ಟಾಪ್ ಪರದೆಯ ಮೇಲೆ ಬಲದಿಂದ ಎಡಕ್ಕೆ ಒಂದು ಎಣ್ಣೆಯ ಗೆರೆ ಸದಾ ಇರುತ್ತಿತ್ತು. ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ, ಎಣ್ಣೆಯಲ್ಲಿ ಹಚ್ಚಿಕೊಂಡು ತಿಂದ ಕೈಯನ್ನು ಟವೆಲಿಗೆ ಅರ್ಧಂಬರ್ಧ ಒರೆಸಿ, ತೋರುಬೆರಳನ್ನು ಪರದೆಯ ನಕಾಶೆಯಲ್ಲಿ ಆಫ್ರಿಕಾದ ಪಶ್ಚಿಮದ ಅಂಚಿಗೆ ಊರುತ್ತಿದ್ದರು. ನಡುವೆ ಸೀಳಿದ ಉಗುರಿನ ಆ ಬೆರಳು ಅಟ್ಲಾಂಟಿಕ್ ಸಾಗರವನ್ನು ಸವರಿಕೊಂಡು ಬಂದು ಕೆರೀಬಿಯನ್ ದ್ವೀಪಗಳ ಹತ್ತಿರ ನಿಲ್ಲುತ್ತಿತ್ತು. ಅವರ ಹೆಂಡತಿ ಕಾಕು ಆಗಾಗ ಕನ್ನಡಕದ ಬಟ್ಟೆಯಲ್ಲಿ ಪರದೆ ಒರೆಸಿ, "ಸಮುದ್ರ ತೊಳದಿಟ್ಟೀನ್ರಿ, ಮತ್ತ ಹೊಲಸ ಮಾಡ್ರಿ" ಎನ್ನುತ್ತಿದ್ದರು.

ಡಚ್ಚರ ನಾಡಿನ ರೈಸ್‌ವೈಕ್‌ನಲ್ಲಿ ನಮ್ಮ ಫ್ಲಾಟಿನ ಪಕ್ಕದ ಬಾಗಿಲು ಅವರದು. ನನ್ನ ಗಂಡನ ಕೆಲಸದ ಸಲುವಾಗಿ 2006ರಲ್ಲಿ ನಾವು ಬಂದಾಗ ಅವರು ಅಲ್ಲಿ ನೆಲೆಸಿ ಎಷ್ಟೋ ವರ್ಷ ಆಗಿತ್ತು. ಗದಗಿನ ಕಡೆಯವರು. ಸಮುದ್ರದ ಒಡ್ಡುಗಳ ಲೆಕ್ಕ ಹಾಕುವ ಎಂಜಿನಿಯರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ನಾನು ಮೈಸೂರಿನವಳೆಂದು ತಿಳಿದ ದಿನದಿಂದ ನನ್ನ ಹೆಸರು ಅವರ ಬಾಯಿಗೆ ಬರಲೇ ಇಲ್ಲ. "ಏ ಮೈಸೂರವರ, ಬರ್ರಿಲ್ಲೆ. ಆಫ್ರಿಕಾದಾಗ ಒಂದು ಗೋಲ್ಫ್ ಎದ್ದದ" ಎಂದು ಕರೆಯುತ್ತಿದ್ದರು. ಬಹಳ ದಿನ ನಾನೂ ನನ್ನ ಗಂಡನೂ, ಇವರಿಗೆ ಗೋಲ್ಫ್ ಆಟದ ಹುಚ್ಚು ಎಂದೇ ತಿಳಿದಿದ್ದೆವು. ಡಚ್ಚರ ಮಾತಿನಲ್ಲಿ ಅಲೆಗೆ ಗೋಲ್ಫ್ ಎನ್ನುತ್ತಾರೆಂದು ಗೊತ್ತಾದದ್ದು ಆಮೇಲೆ.

ಆ ಅಲೆ ನೀರಿನದಲ್ಲ, ಗಾಳಿಯದು. ಬೇಸಿಗೆಯಲ್ಲಿ ಆಫ್ರಿಕಾದ ನೆಲದ ಮೇಲೆ ಹುಟ್ಟಿ, ಒಂದರ ಬೆನ್ನಿಗೆ ಒಂದು, ಮೋಡದ ಮುದ್ದೆಯಂತೆ ಸಾಗರಕ್ಕೆ ಇಳಿಯುತ್ತವೆ. ಹೆಚ್ಚಿನವು ದಾರಿಯಲ್ಲೇ ಕರಗಿಹೋಗುತ್ತವೆ. ಯಾವುದೋ ಒಂದು ಗಟ್ಟಿಯಾಗಿ ಸುತ್ತತೊಡಗಿದರೆ ಅದೇ ಚಂಡಮಾರುತ. ಇದನ್ನು ಕಾಕಾ ನನಗೆ ಕಲಿಸಿದ್ದು ಅಡುಗೆಮನೆಯ ಭಾಷೆಯಲ್ಲಿ.

"ಸಮುದ್ರ ಅಂದ್ರ ಹಂಚು. ಜೂನಿನಾಗ ಹಂಚು ಇನ್ನೂ ಕಾದಿರಂಗಿಲ್ಲ. ಕಾಯದ ಹಂಚಿನ ಮ್ಯಾಲೆ ರೊಟ್ಟಿ ಉಬ್ಬತದೇನು? ಮ್ಯಾಲೆ ಸಹಾರಾದ ಧೂಳು ಬ್ಯಾರೆ, ಒಣ ಹಿಟ್ಟು ಉದುರಿಸಿಧಂಗ. ಒಡದು ಹೋಗ್ತದ."

"ಹಾಗಾದ್ರೆ ಈಗ್ಲೇ ಯಾಕೆ ನೋಡ್ತೀರಾ ಕಾಕಾ? ಆಗಸ್ಟ್ ಬರ್ಲಿ" ಎಂದೆ ಒಮ್ಮೆ.

"ಆಗಸ್ಟಿನಾಗ ಎಲ್ಲಾರೂ ಕಣ್ಣು ತಕ್ಕೊಂಡು ಕುಂತಿರ್ತಾರ. ಈಗ ಯಾರೂ ನೋಡಂಗಿಲ್ಲ. ಅದಕ್ಕ ನಾ ನೋಡ್ತೀನಿ."

ಆ ಕಡೆ ಬೀಳುವ ಮಳೆಯ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ನಮ್ಮ ಬೀದಿಯ ಮಳೆಯ ಬಗ್ಗೆ ಗೊತ್ತಿರಲಿಲ್ಲ. ಬಿಸಿಲಿದೆ ಎಂದು ಕೊಡೆಯಿಲ್ಲದೆ ಸೈಕಲ್ಲಿನಲ್ಲಿ ಹೋಗಿ ತೊಪ್ಪೆಯಾಗಿ ಬರುತ್ತಿದ್ದರು. "ಆಫ್ರಿಕಾದ ಮಳಿ ಗೊತ್ತು ಇವ್ರಿಗೆ, ಬಾಲ್ಕನಿಯಾಗಿನ ಅರಿವಿ ತೊಯ್ದದ್ದು ಗೊತ್ತಿಲ್ಲ" ಎಂದು ಕಾಕು ನಗುತ್ತಿದ್ದರು. ಕಾಕಾ ತಲೆ ಒರೆಸಿಕೊಳ್ಳುತ್ತ, "ಈ ಮಳಿ ಯಾರನ್ನೂ ಕೊಲ್ಲಂಗಿಲ್ಲಲೇ" ಎನ್ನುವರು.

ಯಾರಿಗಾಗಿ ಆ ಕಾವಲು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ. ಅವರ ಒಬ್ಬಳೇ ಮಗಳು ಕೆರೀಬಿಯನ್ನಿನ ಒಂದು ಸಣ್ಣ ಡಚ್ ದ್ವೀಪದಲ್ಲಿ ನರ್ಸ್ ಆಗಿದ್ದಳು. ಅಲ್ಲಿ ಪ್ರವಾಸಿಗರನ್ನು ಬೋಟಿನಲ್ಲಿ ಕರೆದೊಯ್ಯುವ ದ್ವೀಪದವನೇ ಒಬ್ಬನನ್ನು, ಇವರಿಗೆ ತಿಳಿಸದೆ, ಪುರಸಭೆಯಲ್ಲಿ ಸಹಿ ಹಾಕಿ ಮದುವೆಯಾಗಿದ್ದಳು. ತಿಳಿಸಿದ್ದರೆ ಒಪ್ಪುತ್ತಿದ್ದೆ ಎಂದು ಕಾಕಾ ಹೇಳುತ್ತಿದ್ದರು. ಒಪ್ಪುತ್ತಿರಲಿಲ್ಲ ಎಂದು ಕಾಕು ಹೇಳುತ್ತಿದ್ದರು. ಅಂತೂ ಅಂದಿನಿಂದ ಕಾಕಾ ಮಗಳೊಂದಿಗೆ ಮಾತು ಬಿಟ್ಟರು. ಅಳಿಯ ಎಂಬ ಮಾತೂ ಅವರ ಬಾಯಿಂದ ಬರುತ್ತಿರಲಿಲ್ಲ. "ಆ ಬೋಟಿನಾಂವ" ಎನ್ನುತ್ತಿದ್ದರು.

ಮಾತು ಬಿಟ್ಟರೂ ಎಚ್ಚರಿಕೆ ಹೇಳದೆ ಇರಲಾಗುತ್ತಿರಲಿಲ್ಲ. ಕಾಕು ಮಗಳಿಗೆ ಪ್ರತಿ ವಾರ ಫೋನ್ ಮಾಡುತ್ತಿದ್ದರು. ಆದರೆ ಗಂಡನ ಹವಾಮಾನ ಸುದ್ದಿಯನ್ನು ಮಾತ್ರ ದಾಟಿಸಲು ಒಪ್ಪುತ್ತಿರಲಿಲ್ಲ. "ನಿಮ್ಮ ಬಾಯಿ ಏನು ಬಾಡಿಗಿಗೆ ಕೊಟ್ಟೀರೇನು? ನೀವ ಮಾತಾಡ್ರಿ" ಎಂದು ಫೋನನ್ನು ಅವರ ಮುಂದೆ ಹಿಡಿಯುವರು. ಕಾಕಾ ಎದ್ದು ಬಾಲ್ಕನಿಗೆ ಹೋಗುವರು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಅವರ ಅಡುಗೆಮನೆಯಲ್ಲಿ ನಿಂತು ಫೋನ್ ಹಿಡಿಯುವುದು, ಕಾಕಾ ನನಗೆ ಬೆನ್ನುಮಾಡಿ ಕಿಟಕಿಯ ಬಳಿ ನಿಂತು ಹೇಳಿಕೊಡುವುದು.

"ನಾ ಹೇಳೀನಿ ಅಂತ ಹೇಳಬ್ಯಾಡ್ರಿ. ಆದ್ರ ನನ್ನ ಮಾತು ಇದ್ದಂಗ ಹೇಳ್ರಿ. ನಿಮ್ಮ ಮೈಸೂರ ಬೆಣ್ಣಿ ಹಚ್ಚಬ್ಯಾಡ್ರಿ."

ನಾನು ಗದಗಿನ ಕನ್ನಡದಲ್ಲಿ ಗಿಳಿಪಾಠ ಒಪ್ಪಿಸುತ್ತಿದ್ದೆ. ಆ ಕಡೆಯಿಂದ ಮಗಳು ನಗುತ್ತ, "ಆಂಟಿ, ಕಿಟಕಿ ಹತ್ರ ಯಾರರ ನಿಂತಾರೇನು?" ಎನ್ನುವಳು. "ಯಾರೂ ಇಲ್ಲಮ್ಮ" ಎನ್ನುವೆ. ಕಾಕಾ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ನಿಂತಿರುತ್ತಿದ್ದರು. ಅವಳ ದನಿ ಆಚೆಗೂ ಕೇಳಿಸಲಿ ಎಂದು ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯುತ್ತಿದ್ದೆ. ಆದರೂ ಅವರ ಕಿವಿ ಮಂದ. ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಕಾಕಾ ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು. ದ್ವೀಪದ ರೇಡಿಯೋಗಿಂತ ಅಪ್ಪನ ಮಾತೇ ಹೆಚ್ಚು ಎಂದು ಮಗಳೂ ಅವಳ ಗಂಡನೂ ನಂಬಿಬಿಟ್ಟಿದ್ದರು.

ಒಂದು ವರ್ಷ ಜುಲೈ ಮೊದಲ ವಾರ. ಪರದೆಯ ಮೇಲೆ ಎರಡು ಅಲೆಗಳಿದ್ದವು. ಒಂದು ದ್ವೀಪಗಳಿಗೆ ಹತ್ತಿರ, ಇನ್ನೊಂದು ಅದರ ಬೆನ್ನ ಹಿಂದೆ, ಸಾಗರದ ನಡುವೆ. ಇಂಥ ಎಳೆಗಾಲದಲ್ಲಿ ಯಾರೂ ಅವುಗಳ ಕಡೆ ನೋಡುತ್ತಿರಲಿಲ್ಲ. ಕಾಕಾ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ನೋಡ್ರಿ ಮೈಸೂರವರ. ಈ ಮುಂದಿಂದು ಸಾಯ್ತದ. ಆದ್ರ ಸಾಯೂ ಮುಂದ ಹಾದಿ ಹಸಿ ಮಾಡಿ ಹೋಗ್ತದ. ಹಿಂದಿಂದು ಆ ಹಸಿಯಾಗ ಬೆಳೀತದ. ಫೋನ್ ಹಚ್ಚರಿ."

ನಾನು ಫೋನ್ ಮಾಡಿದೆ. ಕಾಕಾ ಕಿಟಕಿಗೆ ಹೋಗಿ ನಿಂತು, "ಮುಂದಿಂದು ಏನೂ ಮಾಡಂಗಿಲ್ಲ. ಹಿಂದಿಂದು ಖರೇದ್ದು. ಬೋಟ್ ಹುಷಾರ ಅನ್ರಿ" ಎಂದರು. ನಾನು ಅಕ್ಷರ ಬಿಡದೆ ಅದನ್ನೇ ಹೇಳಿದೆ.

"ಹೌದ್ರಿ ಆಂಟಿ, ಖರೇನ. ಭಾಳ ಮಳಿ ಆತು. ಬೋಟ್ ಒಳಗ ಕಟ್ಟೇವಿ, ಹುಷಾರ ಅದ" ಎಂದಳು ಮಗಳು.

ಮಳೆಯಾಗಿದೆಯಂತೆ, ಬೋಟು ಒಳಗಿದೆಯಂತೆ ಎಂದು ಕಾಕಾಗೆ ಹೇಳಿದೆ. "ಆಗಬೇಕಲ್ಲ, ಮುಂದಿಂದರ ಮಳಿ ಅದು" ಎಂದು ಸಮಾಧಾನವಾಗಿ ಟೀ ಕೇಳಿದರು.

ಆ ಎರಡು ಮಾತುಗಳಲ್ಲಿ ಎಂಥ ಎಡವಟ್ಟಿತ್ತೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸಾಲಾಗಿ ಬರುವುದನ್ನು ನೋಡುವವನಿಗೆ ಮುಂದಿನದು ಎಂದರೆ ಸಾಲಿನ ಮೊದಲಿನದು, ಹಿಂದಿನದು ಎಂದರೆ ಅದರ ಬೆನ್ನಿಗಿರುವುದು. ದಿನ ಎಣಿಸುವವನಿಗೆ ಮುಂದಿನದು ಎಂದರೆ ಇನ್ನು ಬರಲಿರುವುದು, ಹಿಂದಿನದು ಎಂದರೆ ಆಗಿಹೋದದ್ದು. ಕಾಕಾ ಪರದೆ ನೋಡಿ ಹೇಳಿದ್ದರು. ಮಗಳು ದಿನ ನೋಡಿ ಕೇಳಿದ್ದಳು. ಹಿಂದಿನ ವಾರವಷ್ಟೇ ಅವರಲ್ಲಿ ಜೋರು ಮಳೆ ಬಿದ್ದಿತ್ತು. ಅದೇ ಖರೇದ್ದು, ಇನ್ನು ಬರುವುದು ಏನೂ ಮಾಡದು ಎಂದು ಅವಳು ತಿಳಿದಳು. ಬೋಟ್ ಹುಷಾರ ಎಂದದ್ದನ್ನು ಬೋಟಿನ ಕ್ಷೇಮ ಕೇಳಿದ್ದು ಎಂದುಕೊಂಡಳು.

ಮೊದಲನೆಯದು ಹನಿ ಉದುರಿಸಿ ಹೋಯಿತು. ಎರಡನೆಯದು ದ್ವೀಪದ ಹತ್ತಿರ ಬಂದು ಥಟ್ಟನೆ ಸುತ್ತತೊಡಗಿತು. ರೇಡಿಯೋ ಹೇಳಿತಂತೆ, ಅಕ್ಕಪಕ್ಕದವರೂ ಹೇಳಿದರಂತೆ. "ಏನೂ ಆಗಂಗಿಲ್ಲ, ನಮ್ಮಪ್ಪ ಹೇಳ್ಯಾರ" ಎಂದಳಂತೆ ಇವಳು. ಅವಳ ಗಂಡ ಬೋಟನ್ನು ಒಳಗಿನ ಕೊಲ್ಲಿಯಿಂದ ಬಿಚ್ಚಿ, ಮರುದಿನದ ಪ್ರವಾಸಿಗರಿಗೆಂದು ಹೊರಗಿನ ಕಟ್ಟೆಗೆ ತಂದು ಕಟ್ಟಿದ್ದ. ನಸುಕಿನಲ್ಲಿ ಗಾಳಿ ಎದ್ದಾಗ ಹಗ್ಗ ಬಿಗಿಯಲು ಓಡಿದವನ ಕಾಲು ಬೋಟಿಗೂ ಕಟ್ಟೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಬೋಟು ಒಡೆದು ಹಲಗೆ ಹಲಗೆಯಾಯಿತು.

ಮರುದಿನ ಕಾಕುಗೆ ಮಗಳ ಫೋನ್ ಬಂದಾಗ ನಾನು ಅಲ್ಲೇ ಹಪ್ಪಳ ಹರವುತ್ತಿದ್ದೆ. ಅವಳು ಅಳುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. "ಅವ್ವಾ, ಅಪ್ಪ ಏನೂ ಆಗಂಗಿಲ್ಲ ಅಂದಿದ್ರಲ್ಲ."

ಕಾಕಾ ಬಂದು ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡರು. ಅಷ್ಟು ವರ್ಷಗಳ ಮೇಲೆ ಮಗಳಿಗೆ ಅವರು ಆಡಿದ ಮೊದಲ ಮಾತು, "ನಾ ಹಂಗ ಅಂದಿಲ್ಲ. ಹಿಂದಿಂದು ಖರೇದ್ದು ಅಂದಿದ್ದೆ. ಹಿಂದ ಬರೂದು." ಒಂದೇ ಉಸಿರಿಗೆ ಮೂರು ನಾಲ್ಕು ಸಲ ಹೇಳಿದರು. ಆಮೇಲೆ ಕಿವಿಗೊತ್ತಿಕೊಂಡು ಸ್ವಲ್ಪ ಹೊತ್ತು ಕೇಳಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಏನಂದ್ಲು?" ಎಂದರು ಕಾಕು.

"'ಇರಲಿ ಬಿಡ್ರಿ ಅಪ್ಪ, ನೀವು ಆರಾಮ ಇರ್ರಿ' ಅಂದ್ಲು." ಆಮೇಲೆ ನನ್ನ ಕಡೆ ತಿರುಗಿ, "ಹುಟ್ಟಿದಾಗಿಂದ ನನಗ ನೀ ಅಂತಿದ್ಲು ಆಕಿ" ಎಂದರು.

ನಾನು ಆಗಲೇ ಹೇಳಿದೆ. "ಕಾಕಾ, ನಿಮ್ಮ ಮಾತು ನಾನೇ ಹೇಳಿದ್ದಲ್ವಾ? ನೀವಂದದ್ದು ಏನು ಅಂತ ನಾನೇ ಅವಳಿಗೆ ಫೋನ್ ಮಾಡಿ ಹೇಳ್ತೀನಿ."

ಅವರು ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ನಡುವ ನಿಮ್ಮನ್ನ ನಿಲ್ಲಿಸಿದ್ದ ತಪ್ಪು. ನಾ ಮಾತಾಡಿದ್ದರ, ಮಳಿ ಆತು ಅಂದಾಗ ಯಾವ ಮಳಿ ಅಂತ ಕೇಳ್ತಿದ್ದೆ. ಇನ್ನ ನಾ ಆತು, ಆಕಿ ಆತು. ನೀವು ಬಾಯಿ ಹಾಕಿದ್ರ ನನ್ನಾಣಿ."

ಆಣೆಗೆ ಕಟ್ಟುಬಿದ್ದು ನಾನು ಅವಳಿಗೆ ಫೋನ್ ಮಾಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಅಲೆಗೂ ಕಾಕಾ ತಾವೇ ಫೋನ್ ಮಾಡುತ್ತಿದ್ದರು. ಮುಂದಿನದು, ಹಿಂದಿನದು ಎಂಬ ಮಾತನ್ನೇ ಬಿಟ್ಟುಬಿಟ್ಟರು. "ಬುಧವಾರ ಬರೂದು, ಶನಿವಾರ ಬರೂದು" ಎಂದು ವಾರದ ಹೆಸರು ಹಿಡಿದು ಹೇಳುವರು. ಮಗಳು ಎಲ್ಲದಕ್ಕೂ "ಹೂಂ ರೀ ಅಪ್ಪ" ಎನ್ನುವಳು. ಅಲೆಯ ಮಾತು ಮುಗಿದೊಡನೆ ಫೋನೂ ಮುಗಿಯುತ್ತಿತ್ತು. ನಡುನಡುವೆ ಆ ಹಳೆಯ ದಿನದ್ದನ್ನು ಎತ್ತಿ, ನಾ ಹಂಗ ಅಂದಿರಲಿಲ್ಲ ಎಂದು ಮತ್ತೆ ಹೇಳಲು ಹೋಗುವರು. ಅವಳು, "ಇರಲಿ ಬಿಡ್ರಿ" ಎಂದು ಮಾತು ಮುಚ್ಚುವಳು.

"ಅಳಿಯನ ಕಾಲು ಹೆಂಗದ ಅಂತ ಒಂದ ಮಾತು ಕೇಳ್ರಿ" ಎಂದು ಕಾಕು ಪಕ್ಕದಿಂದ ತಿವಿಯುತ್ತಿದ್ದರು. "ಅಲ್ಲಿಗೊಮ್ಮೆ ಹೋಗಿ ಬರೂಣ್ರಿ."

"ಸೀಸನ್ ಮುಗೀಲಿ" ಎನ್ನುವರು ಕಾಕಾ.

"ತೆರಿ ನಿಂತ ಮ್ಯಾಲೆ ಸಮುದ್ರ ಸ್ನಾನ ಮಾಡ್ತೀನಿ ಅಂದನಂತ" ಎಂದು ಕಾಕು ಗಾದೆ ಹೇಳುವರು.

ಸೀಸನ್ ಪ್ರತಿ ವರ್ಷ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಕಾಕಾಗೆ ಮೊಣಕಾಲು ನೋವು, ಇಲ್ಲವೇ ಕೆಮ್ಮು. ಮಾತಾಡಲು ಅಲೆಗಳೂ ಇಲ್ಲದ ಆ ತಿಂಗಳುಗಳಲ್ಲಿ ಅವರು ಲ್ಯಾಪ್‌ಟಾಪ್ ಮುಚ್ಚಿಟ್ಟು, ಫೋನಿನ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾವ ನೆಪ ಹೇಳಿ ಫೋನ್ ಮಾಡುವುದೆಂದು ಆ ಮನುಷ್ಯನಿಗೆ ತಿಳಿಯುತ್ತಿರಲಿಲ್ಲ.

2019ರ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ವರ್ಷದ ಮೊದಲ ಅಲೆ ಇನ್ನೂ ಎದ್ದಿರಲಿಲ್ಲ.

ಮಗಳು ಗಂಡನೊಂದಿಗೆ ಬಂದಳು. ಅವನು ಕುಂಟುತ್ತ ಬಂದು, ಯಾರೂ ಹೇಳಿಕೊಡದೆಯೇ ಕಾಕಾ ಪಾದ ಮುಟ್ಟಿದ. ಎಲ್ಲ ಮುಗಿದ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ನಾನೂ ಮಗಳೂ ಪಾತ್ರೆ ಒರೆಸುತ್ತಿದ್ದೆವು. ಹೊರಗಿನ ಕೋಣೆಯಲ್ಲಿ ಕಾಕಾ ಫೋಟೋದ ಮುಂದೆ ದೀಪ ಇತ್ತು.

"ಆಂಟಿ," ಎಂದಳು, "ಆ ಜುಲೈದಾಗ ಅಪ್ಪ ಖರೇನ ಏನಂದಿದ್ರು? ನಾ ಅಂದಿಲ್ಲ, ನಾ ಅಂದಿಲ್ಲ ಅಂತ ಎಷ್ಟ ಸಲ ಹೇಳಿದ್ರು. ತಪ್ಪು ಮುಚ್ಚಿಕೊಳ್ಳಾಕ ಹೇಳ್ತಾರ ಅಂತ ನಾ ಕಿವಿ ಕೊಡಲಿಲ್ಲ."

ಆಣೆ ಇಟ್ಟವರು ಹೋಗಿದ್ದರು. ನಾನು ಕೈ ಒರೆಸಿಕೊಂಡು ಊಟದ ಮೇಜಿನ ಮೇಲೆ ಎರಡು ನಿಂಬೆಹಣ್ಣು ಒಂದರ ಬೆನ್ನಿಗೆ ಒಂದು ಇಟ್ಟೆ. ಎದುರಿಗೆ ಒಂದು ಲೋಟ ಇಟ್ಟು, ಇದು ನಿಮ್ಮ ದ್ವೀಪ ಎಂದೆ. "ಮುಂದಿಂದು ಏನೂ ಮಾಡಂಗಿಲ್ಲ, ಹಿಂದಿಂದು ಖರೇದ್ದು. ಇದೇ ಮಾತು ಅಂದಿದ್ದು" ಎಂದು ಹಿಂದಿನ ನಿಂಬೆಹಣ್ಣನ್ನು ಮುಟ್ಟಿದೆ.

ಅವಳು ಆ ಹಣ್ಣುಗಳನ್ನೇ ನೋಡುತ್ತ ನಿಂತಳು. "ಮುಂದಿಂದು," ಎಂದು ಒಂದನ್ನು ಮುಟ್ಟಿದಳು. "ಹಿಂದಿಂದು." ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಹಾಗೇ ಹೊರಗಿನ ಕೋಣೆಗೆ ಹೋಗಿ ಫೋಟೋದ ಎದುರು ನಿಂತದ್ದು ನನಗೆ ಕಾಣುತ್ತಿತ್ತು.

"ಇಷ್ಟು ವರ್ಷ ಬರೇ ಗಾಳಿ ಮಳಿ ಹೇಳ್ದಿ," ಎಂದಳು. "ನೀ ನನಗ ಒಂದ ಸಲ ಬೈಬಾರದಾಗಿತ್ತೇನಪ್ಪಾ?"