ಹಿಂದೆ ನಡೆಯದ ಎತ್ತು

ದನದ ಸಂತೆಯಲ್ಲಿ ದಲಾಲಿ ಮಾಡಿ ಒಳ್ಳೆಯವನೆನಿಸಿಕೊಳ್ಳುವುದೆಂದರೆ, ಅಂಬಲಿಯನ್ನೂ ಕುಡಿಯಬೇಕು, ಮೀಸೆಯೂ ಒಣಗಿರಬೇಕು ಎಂದಂತೆ. ಆದರೂ ಭರಮವ್ವನ ಗಂಡ ದುಂಡಪ್ಪ ಮೂಡಲಗಿಯ ಸಂತೆಯಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದ. ಸಾವಿರದ ಒಂಬೈನೂರ ಮೂವತ್ತರ ಹಿಂದುಮುಂದಿನ ಮಾತು ಇದು.

ಆ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲ ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಹೊದಿಸಿ, ಅದರ ಮರೆಯಲ್ಲಿ ಮಾರುವವನ ಬೆರಳು ಹಿಡಿದು ಒಂದು ಬೆಲೆ ಮುಗಿಸುತ್ತಿದ್ದ. ಕೊಳ್ಳುವವನ ಬೆರಳು ಹಿಡಿದು ಇನ್ನೊಂದು ಬೆಲೆ ಹೇಳುತ್ತಿದ್ದ. ನಡುವೆ ಉಳಿದದ್ದು ಅವನ ಹೊಟ್ಟೆಗೆ. ವಸ್ತ್ರದ ಕೆಳಗಿನ ಪಾಪವನ್ನು ದೇವರೂ ಬಗ್ಗಿ ನೋಡಬೇಕು! ದುಂಡಪ್ಪ ಮಾತ್ರ ವ್ಯಾಪಾರ ಕುದುರಿದ ಕೂಡಲೇ ತನ್ನ ಕೈ ಹೊರಗೆಳೆದುಕೊಂಡು, ಅದೇ ವಸ್ತ್ರದ ಕೆಳಗೆ ಆ ಇಬ್ಬರ ಕೈಗಳನ್ನೂ ಕೂಡಿಸಿಬಿಡುತ್ತಿದ್ದ. “ನೀವ ಒಬ್ಬರಿಗೊಬ್ಬರು ಕೇಳ್ಕೋರಿ” ಎಂದು, ಇಬ್ಬರೂ ಒಪ್ಪಿ ಕೊಟ್ಟಷ್ಟೇ ದಲಾಲಿ ತೆಗೆದುಕೊಳ್ಳುತ್ತಿದ್ದ. ಉಳಿದ ದಲಾಲರ ಹೊಟ್ಟೆ ಉರಿಯದೆ ಇದ್ದೀತೆ? ಅವರ ಮುಖಂಡ ಶೆಟ್ಟೆಪ್ಪ ಅವನನ್ನು ಕಂಡಾಗಲೆಲ್ಲ “ಧರ್ಮಾತ್ಮ ಬಂದ, ದಾರಿ ಬಿಡ್ರೋ” ಎಂದು ಕೂಗಿ ನಗಿಸುತ್ತಿದ್ದ.

ಭರಮವ್ವನೂ ಮೊದಮೊದಲು ಗಂಡನ ಮೇಲೆ ಹರಿಹಾಯ್ದವಳೇ. “ಹೊಟ್ಟಿಗಿ ಹಿಟ್ಟಿಲ್ಲದಿದ್ರೂ ಜುಟ್ಟಿಗಿ ಮಲ್ಲಿಗಿ ಅನ್ನೂಹಂಗ ಆತು ನಿಮ್ಮ ಖರೆತನ” ಎನ್ನುತ್ತಿದ್ದಳು. ದುಂಡಪ್ಪ ನಕ್ಕು ರೊಟ್ಟಿ ಮುರಿಯುತ್ತಿದ್ದ. ಬರಬರುತ್ತ ಕೌಜಲಗಿ, ಕಲ್ಲೋಳಿಯವರಷ್ಟೇ ಅಲ್ಲ, ದೂರದ ಹುಕ್ಕೇರಿಯ ರೈತರೂ ಸಂತೆಗೆ ಬಂದವರೇ ದುಂಡಪ್ಪ ಕೂರುವ ಬೇವಿನ ಮರ ಹುಡುಕತೊಡಗಿದಾಗ ಅವಳ ಬಾಯಿ ಮೆತ್ತಗಾಯಿತು. ಮನೆಯಲ್ಲಿ ಬಂಗಾರ ಕೂಡಲಿಲ್ಲ, ನಿಜ. ನೆಲದೊಳಗೆ ಜೋಳ ತುಂಬಿಡುವ ಹಗೇವು ಮಾತ್ರ ಬರಿದಾಗಲಿಲ್ಲ.

ಅಂಥವನೂ ಒಂದು ಸಲ ತಪ್ಪಿದ.

ಆ ವರ್ಷ ಯುಗಾದಿಗೆ ಮೂರು ಸಂತೆ ಉಳಿದಿದ್ದವು. ಊರೂರಿನವರು ಎತ್ತು ಕೊಳ್ಳುವ ಕಾಲ. ದಲಾಲರ ಅರ್ಧ ವರ್ಷದ ಕೂಳು ಆ ಮೂರು ದಿನಗಳಲ್ಲೇ ಹುಟ್ಟಬೇಕು. ಹುಕ್ಕೇರಿ ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡು ಬಂದ ಗಾಡಿಯವನೊಬ್ಬ ದುಂಡಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಸುದ್ದಿ ಹೇಳಿದ. ನೀರಿನ ತಂಬಿಗೆ ಹಿಡಿದ ಭರಮವ್ವ ಬಾಗಿಲಲ್ಲೇ ನಿಂತಳು.

“ನಿಡಸೋಸಿ ತವನಪ್ಪಗ ನೀ ಕೊಡಿಸಿದ ಎತ್ತು ಐತೆಲ್ಲ, ಬಾವಿ ಮ್ಯಾಲ ಮುಂದ ಹೋಗತೈತಿ, ಹಿಂದ ಒಂದ ಹೆಜ್ಜಿನೂ ಬರವಲ್ದು.”

ನೀರೆತ್ತುವ ಎತ್ತು ಬಾವಿಯ ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಬಾನಿ ತುಂಬಿ ಮೇಲೆ ಬರುತ್ತದೆ. ಹಿಂದಹಿಂದಕ್ಕೆ ನಡೆದರೆ ಮತ್ತೆ ಕೆಳಗಿಳಿಯುತ್ತದೆ. ಹಿಂದೆ ನಡೆಯದ ಎತ್ತನ್ನು ಕಟ್ಟಿಕೊಂಡು ತೋಟದವನಾದ ತವನಪ್ಪ ಏನು ಮಾಡಬೇಕು? ದುಂಡಪ್ಪ ಅದರ ಹಲ್ಲು ನೋಡಿದ್ದ, ಸುಳಿ ನೋಡಿದ್ದ, ಗಾಡಿಗೂ ನೇಗಿಲಿಗೂ ಹೂಡಿ ನೋಡಿದ್ದ. ಮಳೆ ನಂಬಿದ ಹೊಲದವರಿಗೆ ಎತ್ತು ಕೊಡಿಸಿ ರೂಢಿಯಾಗಿದ್ದವನಿಗೆ ಹಿಂದೆ ನಡೆಸಿ ನೋಡುವುದು ಹೊಳೆದೇ ಇರಲಿಲ್ಲ.

“ತವನಪ್ಪಣ್ಣಾರು ಏನಂದ್ರು?” ಎಂದ.

“ಬೈಲಿಲ್ಲೋ ಮಾರಾಯ. ದುಂಡಪ್ಪ ನೋಡಿ ಕೊಡಿಸಿದ್ದಂದ್ರ ದೋಷ ಎತ್ತಿಂದಲ್ಲ, ನಮ್ಮ ಬಾವೀದ ಅಂತ ಇಳಿಜಾರು ಅಗಿಸಿ ಸರಿ ಮಾಡಸಾಕತ್ತಾರ.”

ಬೈದಿದ್ದರೆ ದುಂಡಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಣ್ಣು ತುಂಬಿದವು. ಎದ್ದು, ಬುತ್ತಿ ಕಟ್ಟು ಎಂದು ಹೆಂಡತಿಗೆ ಹೇಳಿದ.

ಭರಮವ್ವ ತಂಬಿಗೆಯನ್ನು ಅಲ್ಲೇ ಕುಕ್ಕಿದಳು. “ಮುಚ್ಚಿಟ್ಟು ಮಾರಿದಾಂವ ಕಳ್ಳ, ಅವನ್ನ ಹಿಡೀರಿ. ಈಗ ನೀವು ಹೋದ್ರ ಸಂತಿ ಪೂರಾ ಶೆಟ್ಟೆಪ್ಪನ ಪಾಲು. ಒಮ್ಮಿ ಹೋದ ಗಿರಾಕಿ ತಿರುಗಿ ಬರ್ತಾರೇನ್ರಿ?”

“ಬರದಿದ್ರ ಕೂಲಿ ಮಾಡೂಣು. ನೋಡೇನಿ ಅಂತ ಹೊಣಿ ಹೊತ್ತಾಂವ ನಾನು. ಅದಕ್ಕ ಹಿಂದ ನಡ್ಯಾಕ ಕಲಿಸೇ ಬರ್ತೇನಿ.”

ಮೊದಲ ಸಂತೆಗೆ ದುಂಡಪ್ಪನಿಲ್ಲ. ಶೆಟ್ಟೆಪ್ಪ ಸುಮ್ಮನಿರುವ ಕುಳವೇ? ಧರ್ಮಾತ್ಮ ಮೋಸದ ಎತ್ತು ಮಾರಿ ಊರು ಬಿಟ್ಟು ಓಡಿದ ಎಂದು ಡಂಗುರ ಸಾರಿದ. ನೀರಿಗೆ ಹೋದ ಭರಮವ್ವನ ಕಿವಿಗೂ ಅದು ಬಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಎರಡನೆಯ ಸಂತೆಯ ದಿನ ಅವಳು ಸೆರಗು ಬಿಗಿದು, ಹೆಂಗಸರು ಕಾಲಿಡದ ಆ ದನದ ಬಯಲಿಗೆ ನಡೆದು, ಗಂಡನ ಬೇವಿನ ಮರದ ಕೆಳಗೆ ಕೂತಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಜ್ವರ ಬಂದಿದೆ ಎನ್ನಬಹುದಿತ್ತು. ಬೀಗರ ಮನೆಯಲ್ಲಿ ಸಾವಾಗಿದೆ ಎನ್ನಬಹುದಿತ್ತು. ಗಂಡನ ಕಸುಬು ಉಳಿಸಲು ಅಷ್ಟು ಸಣ್ಣ ಸುಳ್ಳು ಸಾಕಿತ್ತು. ಆದರೆ ರೈತರು ಬಂದು ಸುತ್ತಲೂ ನಿಂತಾಗ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

“ನಮ್ಮನಿಯವರು ಓಡಿ ಹೋಗಿಲ್ಲರಿ. ಎತ್ತು ಪೂರಾ ನೋಡದ ಕೊಡಿಸಿದ್ರು, ತಪ್ಪು ಅವರದ. ಅದಕ್ಕ ಹಿಂದ ನಡ್ಯಾಕ ಕಲಿಸಾಕ ನಿಡಸೋಸಿಗೆ ಹೋಗ್ಯಾರ. ಯಾವಾಗ ಬರ್ತಾರ ಅನ್ನೂದು ಆ ಎತ್ತಿಗೇ ಗೊತ್ತು.”

ಪಕ್ಕದಲ್ಲೇ ವ್ಯಾಪಾರ ನಡೆಸಿದ್ದ ಶೆಟ್ಟೆಪ್ಪ ಗಹಗಹಿಸಿ ನಕ್ಕ. “ಕೇಳಿದ್ರೇನೋ! ಗಂಡನ ತಪ್ಪು ಹೆಂಡ್ತಿನ ಸಾರಾಕತ್ತಾಳ!”

ಆದರೆ ನಕ್ಕವನು ಅವನೊಬ್ಬನೇ. ಕೌಜಲಗಿಯ ಮುದುಕನೊಬ್ಬ ಶೆಟ್ಟೆಪ್ಪನ ವಸ್ತ್ರದ ಕೆಳಗಿದ್ದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡ. “ನಾ ಮುಂದಿನ ಸಂತಿಗೆ ಬರ್ತೇನವಾ, ದುಂಡಪ್ಪಗ ಹೇಳು” ಎಂದು ಭರಮವ್ವನಿಗೆ ಹೇಳಿ, ಮಾರಲು ತಂದ ಜೋಡಿಯನ್ನು ಬಿಚ್ಚಿಕೊಂಡು ಹೊರಟ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಭರಮವ್ವ ಎಣಿಸಲಿಲ್ಲ, ಕಣ್ಣೀರಿನಲ್ಲಿ ಎಣಿಕೆ ಎಲ್ಲಿ ಸಿಗಬೇಕು?

ದುಂಡಪ್ಪ ಬಂದದ್ದು ಮೂರನೆಯ ಸಂತೆಯ ಹಿಂದಿನ ದಿನ. ಹಗ್ಗ ಎಳೆದೆಳೆದು ಅಂಗೈ ತುಂಬ ಬೊಬ್ಬೆ. ಪಳಗಿದ ಮುದಿ ಎತ್ತಿನ ಜೊತೆ ಹೂಡಿ, ಎದುರಿಗೆ ನಿಂತು ಹಣೆಗೆ ಕೈಯೊತ್ತಿ, ಹೆಜ್ಜೆಗೊಂದು ಹಿಡಿ ಹಸಿ ಮೇವು ತಿನ್ನಿಸಿ ಕಲಿಸಿದನಂತೆ. ದೋಷ ಎತ್ತಿನದೇ ಎಂದು ತವನಪ್ಪನನ್ನು ಒಪ್ಪಿಸುವುದೇ ಎತ್ತಿಗೆ ಕಲಿಸುವುದಕ್ಕಿಂತ ಕಷ್ಟವಾಯಿತಂತೆ.

ಮರುದಿನ ಗಂಡನಿಗೆ ಬುತ್ತಿ ಕೊಡುವ ನೆಪದಲ್ಲಿ ಭರಮವ್ವ ಮತ್ತೆ ಬಯಲಿಗೆ ಹೋದಳು. ಬೇವಿನ ನೆರಳು ಸಾಲದೆ ಜನ ಬಿಸಿಲಲ್ಲಿ ಕಾಯುತ್ತಿದ್ದರು. ಹೊತ್ತು ಇಳಿದು, ಗದ್ದಲ ಕರಗಿದ ಮೇಲೆ ಒಬ್ಬ ಆಚೀಚೆ ನೋಡುತ್ತ ಬಂದು ನಿಂತ. ಶೆಟ್ಟೆಪ್ಪ! ಮಗಳ ಮನೆಗೆ ಒಂದು ಜೋಡಿ ಎತ್ತು ಬೇಕಿತ್ತು, ದುಂಡಪ್ಪ ನೋಡಿ ಕೊಡಿಸಬೇಕಂತೆ.

“ನೀವ ದಲಾಲರಲ್ಲೇನ್ರಿ?” ಭರಮವ್ವ ಕೇಳಿಯೇಬಿಟ್ಟಳು.

ಶೆಟ್ಟೆಪ್ಪ ನೆಲ ನೋಡಿದ. “ನಮ್ಮ ಮಂದೀನ ನಾ ಬಲ್ಲೆ, ವೈನಿ. ಮಗಳ ಮನಿಗೆ ಕೊಡೂ ಎತ್ತು. ಅದರಾಗ ಮೋಸ ಆಗಬಾರದು.”